ಅಂಡಮಾನಿನಲ್ಲಿ ಮುಳುಗಲು ಹೊರಟ ನಾಲ್ವರು

ಬೇರೆ ಆಫೀಸುಗಳಲ್ಲಿ ಕೆಲಸ ಜಾಸ್ತಿಯಾದಾಗ ಎಡವಟ್ಟಾಗುತ್ತದೆ, ನಮ್ಮಲ್ಲಿ ಕೆಲಸ ಕಮ್ಮಿಯಾದಾಗ. ನಾನು ಟಿ. ನರಸೀಪುರದ ಒಂದು ಸಹಕಾರ ಸೊಸೈಟಿಯಲ್ಲಿ ಗುಮಾಸ್ತ, ದಿನಾ ನಂಜನಗೂಡಿನಿಂದ ಬಸ್ಸಿನಲ್ಲಿ ಹೋಗಿಬರುವವನು. ಒಂದು ಮಧ್ಯಾಹ್ನ ಕೌಂಟರಿನಲ್ಲಿ ನರಪಿಳ್ಳೆ ಇರಲಿಲ್ಲ. ನಮ್ಮ ಸೆಕ್ರೆಟರಿ ಮೊಬೈಲಿನಿಂದ ತಲೆಯೆತ್ತಿ, "ಅಂಡಮಾನಿಗೆ ಹೋಗೋಣ. ಸಮುದ್ರದೊಳಗೆ ಮುಳುಗೋಣ. ಮೂರು ದ್ವೀಪ ಸುತ್ತೋಣ. ಎಲ್ಲಾ ಅಗ್ಗದಲ್ಲಿ" ಅಂದರು. ನಮ್ಮ ಮೂವರಲ್ಲಿ, ಅಂದರೆ ಸೆಕ್ರೆಟರಿ, ಕ್ಯಾಶಿಯರ್ ಮತ್ತು ನಾನು, ಒಬ್ಬನಿಗೂ ಈಜು ಬರುತ್ತಿರಲಿಲ್ಲ.

೧. ಅದಕ್ಕಿಂತ ಅಗ್ಗದ ದ್ವೀಪ

ರೂಮು ನಾಲ್ಕು ಜನಕ್ಕೆ ತಗೊಂಡರೆ ತಲೆಗೆ ಕಮ್ಮಿ ಬೀಳುತ್ತದೆ ಅಂತ ಸೆಕ್ರೆಟರಿ ನಮ್ಮ ಅಟೆಂಡರನ್ನೂ ಕರೆದರು.

"ದ್ವೀಪ ಅಂದ್ರೇನು ಸಾ?" ಅಂತ ಅವನು ಕೇಳಿದ.

"ಸುತ್ತ ನೀರು, ಮಧ್ಯೆ ನೆಲ."

ಅಟೆಂಡರ್ ಯೋಚನೆ ಮಾಡಿದ. "ಹಂಗಾರೆ ಕಬಿನಿ ಡ್ಯಾಮ್ ಬಾಗ್ಲು ತೆಗೆದಾಗೆಲ್ಲ ನಮ್ ಚಿಕ್ಕಪ್ಪನ ಮನೆ ದ್ವೀಪ ಆಯ್ತದೆ ಸಾ. ಅಲ್ಲಿಗೇ ಓಗಾನ."

"ಅಲ್ಲಿ ಬೋಟ್ ಇರತ್ತೇನಯ್ಯಾ?"

"ಬೋಟ್ ಸರ್ಕಾರದ್ದು ಸಾ, ಪುಕ್ಸಟ್ಟೆ. ತಾಸಿಲ್ದಾರ್ರೇ ಬಂದು ಕೈ ಇಡ್ದು ಹತ್ತಿಸ್ಕೊತಾರೆ. ಗಂಜಿ ಕೇಂದ್ರದಲ್ಲಿ ಮೂರು ದಿನ ಊಟ, ಒಂದು ಕಂಬಳಿ. ವಾಪಸ್ ಬರುವಾಗ ಪೇಪರ್‌ನಲ್ಲಿ ಫೋಟೋನೂ ಬತ್ತದೆ."

ಸೆಕ್ರೆಟರಿ ಪೆನ್ನು ತಗೊಂಡು ಎರಡೂ ದ್ವೀಪಗಳ ಖರ್ಚನ್ನು ಅಕ್ಕಪಕ್ಕ ಬರೆಯತೊಡಗಿದರು. ನಿಜವಾಗಿ ಹೋಲಿಸಿ ನೋಡುತ್ತಿದ್ದಾರೆ ಅಂತ ಗೊತ್ತಾದಾಗ ನನಗೆ ಗಾಬರಿಯಾಯಿತು.

೨. ಐವತ್ತೆಂಟು ಸೆಕೆಂಡು

ಮುಳುಗುವುದಕ್ಕೆ ಉಸಿರು ಕಟ್ಟುವ ಅಭ್ಯಾಸ ಬೇಕು ಅಂತ ಕ್ಯಾಶಿಯರ್‌ಗೆ ಯಾರೋ ಹೇಳಿದರು. ಅವರು ಕೌಂಟರಿನಲ್ಲಿ ಕೂತೇ ಶುರುಮಾಡಿದರು. ಒಂದು ದಿನ ಸುತ್ತೂರು ಕಡೆಯ ರೈತರೊಬ್ಬರು ಗೊಬ್ಬರದ ಚೀಟಿ ಹಿಡಿದು ಬಂದರು. ಕಿಂಡಿಯೊಳಗೆ ನೋಡಿದರೆ ಕ್ಯಾಶಿಯರ್ ಕೆನ್ನೆ ಊದಿಸಿಕೊಂಡು, ಕಣ್ಣು ಮೇಲೆ ಮಾಡಿಕೊಂಡು ಕೂತಿದ್ದಾರೆ.

"ಸಾ, ಚೀಟಿ" ಅಂದರು ರೈತರು.

ಒಂದು ನಿಮಿಷ ತಡಿ ಅಂತ ಹೇಳಲು ಕ್ಯಾಶಿಯರ್ ಒಂದು ಬೆರಳು ಎತ್ತಿದರು.

"ಅಯ್ಯಯ್ಯೋ, ಬನ್ರಪ್ಪೋ! ಮ್ಯಾಲಕ್ಕೆ ಓಯ್ತೀನಿ ಅಂತಾವ್ರೆ!"

ಹೊರಗಿದ್ದವರೆಲ್ಲ ನುಗ್ಗಿದರು. ಒಬ್ಬರು ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರು, ಒಬ್ಬರು ಈರುಳ್ಳಿ ಮೂಸಿಸಿದರು, ರೈತರು ಬೆನ್ನಿಗೆ ಬಲವಾಗಿ ಒಂದು ಗುದ್ದು ಕೊಟ್ಟರು. ಕ್ಯಾಶಿಯರ್ ಬಾಯಿಂದ ಗಾಳಿ ಪುಸ್ಸೆಂದು ಹೊರಗೆ ಬಂತು.

"ಐವತ್ತೆಂಟು ಸೆಕೆಂಡ್ ಆಗಿತ್ತು ಕಣ್ರೀ! ಇನ್ನೆರಡು ಸೆಕೆಂಡ್ ಬಿಟ್ಟಿದ್ರೆ ಮುಗೀತಿತ್ತಲ್ರೀ!" ಅಂತ ಕೂಗಾಡಿದರು.

ರೈತರು ಜನರ ಕಡೆ ತಿರುಗಿದರು. "ಕೇಳುದ್ರಾ? ಇನ್ನೆರಡೇ ಸೆಕೆಂಡು. ನಾನು ಬಂದಿದ್ದಕ್ಕೆ ಜೀವ ಉಳೀತು."

ಆಮೇಲೆ ಆ ರೈತರಿಗೆ ಅಲ್ಲೇ ಯಾರೋ ಟೀ ಕುಡಿಸಿದರು. ಕ್ಯಾಶಿಯರನ್ನು ಯಾರೂ ಕೇಳಲಿಲ್ಲ.

೩. ಮುಳುಗಿದವರು ಯಾರು?

ಒಂದು ಭಾನುವಾರ ಬೆಳಿಗ್ಗೆ ನೀರಿನ ಅಭ್ಯಾಸಕ್ಕೆ ಅಂತ ನಾವು ಮೂವರು ಕಾವೇರಿ, ಕಬಿನಿ ಸೇರುವ ಸಂಗಮಕ್ಕೆ ಹೋದೆವು. ಮೂವರಿಗೂ ಸೇರಿ ಇದ್ದದ್ದು ನೀರಲ್ಲಿ ಮುಳುಗುವಾಗ ಹಾಕುವ ಒಂದೇ ಕನ್ನಡಕ, ಮೂಗು ಮುಚ್ಚಿ ಅರ್ಧ ಮುಖ ನುಂಗುವಂಥದ್ದು. ಸೆಕ್ರೆಟರಿ ಅಂಗಿ, ಚಪ್ಪಲಿ, ಬ್ಯಾಗು ಎಲ್ಲವನ್ನೂ ಮೆಟ್ಟಿಲ ಮೇಲೆ ಜೋಡಿಸಿಟ್ಟು, ಅದನ್ನು ಹಾಕಿಕೊಂಡು ಸೊಂಟದುದ್ದ ನೀರಿಗೆ ಇಳಿದರು. ನಾನೂ ಕ್ಯಾಶಿಯರೂ ಟೀ ಕುಡಿಯಲು ಮೇಲೆ ಬಂದೆವು.

ಅಷ್ಟರಲ್ಲಿ ಯಾರೋ ಅಂಗಿ, ಚಪ್ಪಲಿ ನೋಡಿದರು. ಬ್ಯಾಗಿನ ಮೇಲೆ ಸೊಸೈಟಿಯ ಹೆಸರಿತ್ತು. "ಸೊಸೈಟಿ ಸೆಕ್ರೆಟರಿ ಮುಳುಗೋದ್ರು!" ಅಂತ ಸುದ್ದಿಯಾಯಿತು. ನಾಲ್ಕೈದು ಜನ ಲುಂಗಿ ಎತ್ತಿಕಟ್ಟಿ ನೀರಿಗಿಳಿದರು.

ಸೆಕ್ರೆಟರಿ ನೀರಿನಿಂದ ತಲೆಯೆತ್ತಿ, "ಏನಾಯ್ತು?" ಅಂತ ಕೇಳಿದರು.

"ಒಬ್ರು ಮುಳುಗವ್ರೆ ಸಾ. ನಿಮ್ತಾವ ಕನ್ನಡಕ ಅದೆ, ವಸಿ ನೋಡಿ."

ಸೆಕ್ರೆಟರಿ ಒಳ್ಳೆಯ ಮನುಷ್ಯ. ತಕ್ಷಣ ಮುಳುಗಿದರು, ಎದ್ದರು, ಮತ್ತೆ ಮುಳುಗಿದರು. ಮಧ್ಯೆ ಒಂದು ಸಲ, "ನೋಡಕ್ಕೆ ಹೆಂಗಿದ್ರಪ್ಪಾ?" ಅಂತ ಕೇಳಿದರು.

"ಕುಳ್ಳಕ್ಕೆ, ಬಕ್ಕತಲೆ. ಜಿಪುಣ ಅಂದ್ರೆ ಮಹಾ ಜಿಪುಣ. ಆದ್ರೂ ಇಂಗಾಗಬಾರ್ದಿತ್ತು."

"ಪಾಪ" ಅಂದು ಸೆಕ್ರೆಟರಿ ಇನ್ನೂ ಹತ್ತು ನಿಮಿಷ ತಮ್ಮನ್ನೇ ಹುಡುಕಿದರು.

೪. ಸಮುದ್ರದ ತಳದಲ್ಲಿ ಸಿಕ್ಕವನು

ಸಂಗಮದ ಕಥೆ ಕೇಳಿ ಅಟೆಂಡರ್ ಬರಲ್ಲ ಅಂದ. ನಾಲ್ಕನೆಯ ಮಂಚ ಖಾಲಿ ಬಿತ್ತು. "ನಾನೇ ಬತ್ತೀನಿ, ಅಲ್ಲಿ ನಿಮ್ಗೆ ರೊಟ್ಟಿ ಯಾರ್ ಮಾಡ್ತಾರೆ?" ಅಂತ ಕ್ಯಾಶಿಯರ್ ತಾಯಿ ಹೊರಟೇಬಿಟ್ಟರು.

ಅಂತೂ ಅಂಡಮಾನು ತಲುಪಿ, ಒಂದು ದ್ವೀಪದ ಹತ್ತಿರ ನೀರಿನ ಮೇಲೆ ಕಟ್ಟಿದ ತೇಲುಗಟ್ಟೆಗೆ ಬಂದೆವು. ಅಲ್ಲಿ ಮುಳುಗುವವರ ಪಟ್ಟಿಯಿಂದ ಒಬ್ಬೊಬ್ಬರಾಗಿ ಉದುರಿದೆವು. ಕ್ಯಾಶಿಯರ್ ದೋಣಿಯಲ್ಲೇ ವಾಂತಿ ಮಾಡಿಕೊಂಡು ಅಂಗಾತ ಮಲಗಿದ್ದರು. ನನಗೆ ಮುಳುಗಲು ಕೊಟ್ಟ ರಬ್ಬರ್ ಉಡುಪಿನ ಜಿಪ್ಪು ಹೊಟ್ಟೆಯ ಹತ್ತಿರ ಬಂದು ನಿಂತುಬಿಟ್ಟಿತು. ಸೆಕ್ರೆಟರಿ ಮುಚ್ಚಳಿಕೆ ಪತ್ರ ಓದಿದರು. "ಜೀವಕ್ಕೆ ನಾನೇ ಹೊಣೆ ಅಂತ ಬರೆದವ್ರೆ ಕಣ್ರೀ. ಓದದೆ ಸೈನ್ ಹಾಕಬೇಡಿ ಅಂತ ಇಷ್ಟು ವರ್ಷ ಜನಕ್ಕೆ ಹೇಳಿದೀನಿ. ಈಗ ಓದಿದೀನಿ, ಹಾಕಲ್ಲ."

ಪಕ್ಕದಲ್ಲೇ ಇನ್ನೊಂದು ಏರ್ಪಾಡಿತ್ತು. ತಲೆಗೆ ದೊಡ್ಡ ಗಾಜಿನ ಹೆಲ್ಮೆಟ್ ಇಟ್ಟು, ಏಣಿಯಲ್ಲಿ ಇಳಿಸಿ, ಸಮುದ್ರದ ತಳದಲ್ಲಿ ನಡೆಸುತ್ತಾರೆ. ತಾಯಿ ಅದನ್ನೇ ನೋಡುತ್ತಿದ್ದರು. "ತಲೆ ನೆನೆದದಾ? ಇಬೂತಿ ಅಳ್ಸೋಯ್ತದಾ ಕೇಳು" ಅಂದರು. ತಲೆ ಒಣಗೇ ಇರುತ್ತದಂತೆ ಅಂತ ನಾನು ಕೇಳಿ ಹೇಳಿದೆ.

"ಹಂಗಾರೆ ನಾನ್ ಇಳೀತೀನಿ."

ಅರವತ್ತು ದಾಟಿದವರನ್ನು ಬಿಡುವುದಿಲ್ಲ ಅಂದರು. ತಾಯಿ ಆಧಾರ್ ಕಾರ್ಡು ಕೊಟ್ಟರು. ಅದರಲ್ಲಿ ಐವತ್ತೆಂಟು. ಮಗನಿಗೆ ನಲವತ್ತೇಳು. ಅಲ್ಲಿನವರು ಲೆಕ್ಕ ಹಾಕುವುದರೊಳಗೆ ತಾಯಿ ಸೀರೆಯನ್ನು ಕಚ್ಚೆ ಕಟ್ಟಿ ಏಣಿ ಇಳಿದಾಗಿತ್ತು.

ಇಪ್ಪತ್ತು ನಿಮಿಷವಾದ ಮೇಲೆ ನೀರು ಗುಳುಗುಳು ಅಂತು. ಮೊದಲು ತಾಯಿ ಬಂದರು, ಹಣೆಯ ವಿಭೂತಿ ಇಟ್ಟ ಹಾಗೇ ಇತ್ತು. ಅವರ ಕೈಯಲ್ಲಿ ಇನ್ನೊಂದು ಕೈ ಇತ್ತು. ಆ ಕೈಯ ಹಿಂದೆ ಒಬ್ಬ ಗಂಡಸು ಏಣಿ ಹತ್ತಿ ಬಂದ. ಹೆಲ್ಮೆಟ್ ತೆಗೆದಾಗ ಮಲಗಿದ್ದ ಕ್ಯಾಶಿಯರ್ ಎದ್ದು ಕೂತರು. "ಇವ್ರು ಕವಲಂದೆಯವರು!"

ಸಂಗತಿ ಏನೆಂದರೆ, ಕ್ಯಾಶಿಯರ್ ಮಗಳನ್ನು ನೋಡಲು ಬಂದಿದ್ದ ಹುಡುಗನ ಸೋದರಮಾವ ಈತ. ಉಪ್ಪಿಟ್ಟು, ಕೇಸರಿಬಾತು ತಿಂದು, "ಮನೇಲಿ ಮಾತಾಡಿ ತಿಳಿಸ್ತೀವಿ" ಅಂತ ಹೋಗಿ ಆರು ತಿಂಗಳಾಗಿತ್ತು. ಅವತ್ತಿನಿಂದ ತಾಯಿ ಫೋನ್ ಮಾಡುತ್ತಲೇ ಇದ್ದರು, ಈತ ಎತ್ತುತ್ತಿರಲಿಲ್ಲ. ಈಗ ಹೆಂಡತಿ ಮಕ್ಕಳ ಜೊತೆ ಪ್ರವಾಸಕ್ಕೆ ಬಂದು, ಹವಳ ನೋಡುತ್ತಾ ನಿಂತಿದ್ದಾಗ ಎದುರಿನ ಗಾಜಿನೊಳಗೆ ಮೂರು ಪಟ್ಟೆ ವಿಭೂತಿ ಕಾಣಿಸಿದೆ. ಓಡಲು ನೋಡಿದನಂತೆ. ನೀರೊಳಗೆ ಎಲ್ಲಿ ಓಡುತ್ತಾನೆ?

"ಫೋನ್ ಯಾಕ್ಲಾ ಎತ್ನಿಲ್ಲ?" ಅಂದರು ತಾಯಿ.

ಅವನು ಇನ್ನೂ ಏಣಿಯ ಮೇಲೇ ಇದ್ದ. ಮೇಲುಸಿರು ಬಿಡುತ್ತಾ, "ತಪ್ಪಾಯ್ತು ಕಣವ್ವ. ನಮ್ ಹುಡುಗ ಬೇಡ ಅಂದ್ಬಿಟ್ಟ. ನಿಮ್ಗೆ ಬೇಜಾರಾಯ್ತದೆ, ಹೆಂಗೇಳದು ಅಂತ..." ಅಂದ.

ತಾಯಿ ಹಿಡಿದಿದ್ದ ಕೈ ಬಿಟ್ಟುಬಿಟ್ಟರು. ಅವನು ಬುಡುಂಗನೆ ಮತ್ತೆ ನೀರಿಗೆ ಬಿದ್ದ. ಅಲ್ಲಿನವರು ಕಾಲರ್ ಹಿಡಿದು ಎತ್ತುವವರೆಗೂ ತಾಯಿ ಕಾದರು. ಆಮೇಲೆ ಬಗ್ಗಿ, ಅವನ ಕಿವಿಗೆ ಸರಿಯಾಗಿ ಬೀಳುವ ಹಾಗೆ ಹೇಳಿದರು:

"ನಮ್ ಹುಡ್ಗಿ ಅವತ್ತೇ ಬ್ಯಾಡ ಅಂದವ್ಳೆ ಕಣ್ಲಾ! ಅದ್ನ ಹೇಳಕ್ಕೇ ಆರು ತಿಂಗ್ಳಿಂದ ಫೋನ್ ಮಾಡ್ತಿರಾದು. ಮೊದ್ಲು ಬ್ಯಾಡ ಅಂದೋರು ನಾವು, ತಿಳ್ಕೊ!"