ದೆವ್ವಕ್ಕೆ ಅಪಾಯಿಂಟ್‌ಮೆಂಟ್ ಕೊಟ್ಟ ಮಾವ

ಟೆಕ್ಸಾಸಿನ ಕನ್ನಡಿಗರು ಎಂತೆಂಥವರಿಗೋ ಅಪಾಯಿಂಟ್‌ಮೆಂಟ್ ಕೊಟ್ಟಿದ್ದಾರೆ. ಹುಲ್ಲು ಕತ್ತರಿಸುವವನಿಗೆ, ಎ.ಸಿ. ರಿಪೇರಿಯವನಿಗೆ, ಆಲಿಕಲ್ಲು ಬಿದ್ದ ಮೇಲೆ ಛಾವಣಿ ನೋಡಲು ಬರುವವನಿಗೆ. ಆದರೆ ದೆವ್ವಕ್ಕೆ ಅಪಾಯಿಂಟ್‌ಮೆಂಟ್ ಕೊಟ್ಟು, ಅದನ್ನು ಫೋನಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಶೇವ್ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಕಾದವರು ಯಾರಾದರೂ ಇದ್ದರೆ ಅವರು ನಮ್ಮ ಮಾವ ಒಬ್ಬರೇ! ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೀಯೋ ನಾಚಿಕೆಯಿಂದಲೋ ಎಂದು ಕೇಳಬೇಡಿ. ಸ್ವಲ್ಪ ಹೆದರಿಕೆಯಿಂದಲೇ ಹೇಳುತ್ತಿದ್ದೇನೆ.

ಮಾವ ಅಂದರೆ ನನ್ನ ತಾಯಿಯ ತಮ್ಮ. ಮೈಸೂರಿನವರು. ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯಲ್ಲಿ ಒಂದು ಎಣ್ಣೆ ಕಂಪನಿಯ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾರೆ. ಅತ್ತೆ ಇರುವ ತನಕ ದೇವರಿಂದಲೂ ದೆವ್ವದಿಂದಲೂ ಸಮಾನ ದೂರ ಕಾಯ್ದುಕೊಂಡಿದ್ದ ಮನುಷ್ಯ. ಅತ್ತೆ ಪೂಜೆಗೆ ಕೂತರೆ ಇವರು ಗ್ಯಾರೇಜು ಸೇರುತ್ತಿದ್ದರು. ಅಂಥವರು, ಅತ್ತೆ ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಹೃದಯ ನಿಂತು ಹೊರಟುಹೋದ ಮೇಲೆ, ಕರ್ಮಾಂತರ ಮಾಡಿಸಿದ ಪುರೋಹಿತರಿಗೆ ವಿಡಿಯೋ ಕಾಲ್ ಮಾಡಿ ಕೇಳಿಯೇಬಿಟ್ಟರು: "ಅವಳನ್ನ ಒಂದೈದು ನಿಮಿಷ ವಾಪಸ್ ಕರೆಸಬೇಕಲ್ಲ ಸ್ವಾಮಿ. ಏನು ಪ್ರೊಸೀಜರು?"

ಪುರೋಹಿತರು ಬೆಚ್ಚಿದರು. "ಹೋದವರನ್ನ ಚೆನ್ನಾಗಿ ಕಳಿಸಿಕೊಡೋದಷ್ಟೇ ನಮ್ಮ ಕೆಲಸ ಸಾರ್. ವಾಪಸ್ ಕರೆಸೋ ಡಿಪಾರ್ಟ್‌ಮೆಂಟ್ ನಮ್ಮದಲ್ಲ."

"ಹಾಗಾದ್ರೆ ಯಾರದು?"

ಪುರೋಹಿತರು ನೆಟ್‌ವರ್ಕ್ ಹೋದವರಂತೆ ಮುಖ ಹೆಪ್ಪುಗಟ್ಟಿಸಿಕೊಂಡು ಕೂತರು. ಹಿಂದೆ ಫ್ಯಾನ್ ಮಾತ್ರ ತಿರುಗುತ್ತಿತ್ತು!

ಮಾವ ಸುಮ್ಮನಾಗುವ ಆಸಾಮಿಯಲ್ಲ. ಯಾವ ದೇಶದವರಲ್ಲಿ ಆ ಡಿಪಾರ್ಟ್‌ಮೆಂಟ್ ಇದೆ ಎಂದು ಹುಡುಕಿದರು. ಜಪಾನಿನಲ್ಲಿ ಪ್ರತಿ ಬೇಸಿಗೆ ತೀರಿಹೋದ ಹಿರಿಯರು ಮನೆಗೆ ಬಂದು ಕೆಲವು ದಿನ ಇದ್ದು ಹೋಗುತ್ತಾರಂತೆ. ಐರ್ಲೆಂಡಿನಲ್ಲಿ ಅಕ್ಟೋಬರ್ ಮುಗಿಯುವ ಸಂಜೆ ಆ ಕಡೆಯ ಬಾಗಿಲು ಸಡಿಲವಾಗುತ್ತದಂತೆ. ಅಷ್ಟೇ ಅಲ್ಲ, ಈ ಎರಡೂ ದೇಶದವರು ಸೇರಿದ ಒಂದು ಸ್ನೇಹ ಸಂಘ ಟೆಕ್ಸಾಸಿನಲ್ಲೇ ಇತ್ತು! ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರುಗಳಲ್ಲಿ ಸರದಿಯ ಮೇಲೆ ಸೇರುತ್ತಿದ್ದರು. ಆ ದೇಶಕ್ಕೂ ಈ ದೇಶಕ್ಕೂ ಎಲ್ಲಿಯ ನಂಟು ಅನ್ನುತ್ತೀರಾ? ನಂಟೇ! ಒಬ್ಬ ಐರಿಷ್ ಮುದುಕರ ಮಗ ಒಬ್ಬ ಜಪಾನಿ ಅಜ್ಜಿಯ ಮಗಳನ್ನು ಮದುವೆಯಾಗಿದ್ದ. ಬೀಗರೂ ಬೀಗಿತ್ತಿಯೂ ಸೇರಿ ಸಂಘ ಕಟ್ಟಿದ್ದರು. ನಮ್ಮಲ್ಲಿ ಬೀಗರು ಸೇರಿದರೆ ಮುನಿಸು ಕಟ್ಟುತ್ತಾರೆ, ಇವರು ಸಂಘ ಕಟ್ಟಿದ್ದರು.

ಸೇರಲು ಹೋದ ದಿನ ಐರಿಷ್ ಬೀಗರು ಮಾವನನ್ನು ಮೇಲಿಂದ ಕೆಳಕ್ಕೆ ನೋಡಿ ಕೇಳಿದರಂತೆ, "ನೀವು ನಮ್ಮ ಕಡೆಯೋ, ಅವರ ಕಡೆಯೋ?"

"ಎರಡೂ ಅಲ್ಲ. ಜಗಳ ಆದ್ರೆ ಬಿಡಿಸೋಕೆ ಮೂರನೆಯವರು ಬೇಕಲ್ವಾ?"

ಅಲ್ಲಿ ಆಗಲೇ ಜಗಳ ನಡೆದಿತ್ತು. ಚಹಾಕ್ಕೆ ಹಾಲು ಹಾಕಬೇಕೋ ಬೇಡವೋ ಎಂದು! ಹಾಲಿಲ್ಲದ್ದು ಕಷಾಯ ಎಂದು ಬೀಗರ ಕಡೆ, ಹಾಲು ಹಾಕಿದ್ದು ಪಾಪ ಎಂದು ಬೀಗಿತ್ತಿಯ ಕಡೆ. ಮಾವ ಕಾರಿನಿಂದ ಫ್ಲಾಸ್ಕ್ ತಂದು ಇಬ್ಬರಿಗೂ ಫಿಲ್ಟರ್ ಕಾಫಿ ಬಗ್ಗಿಸಿಕೊಟ್ಟರು. ಜಗಳ ನಿಂತಿತು. ಸದಸ್ಯತ್ವ ಅಂದೇ ಸಿಕ್ಕಿತು.

ಆಮೇಲೆ ನನಗೆ ದಿನಾ ವರದಿ. ನಾನು ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಇರುವವನು. ಆಫೀಸಿನ ಮೀಟಿಂಗಿನಲ್ಲಿದ್ದರೂ ಮಾವನ ಫೋನು. "ಜಪಾನಿನವರು ಟೈಮಿಗೆ ಮುಂಚೆ ಬಂದು ಕಾರಲ್ಲೇ ಕೂತಿರ್ತಾರೆ ಕಣೋ. ಐರಿಷ್‌ನವರು ಹೋಗ್ತೀನಿ ಹೋಗ್ತೀನಿ ಅಂತ ಪಾರ್ಕಿಂಗ್ ಲಾಟಲ್ಲಿ ಇನ್ನೊಂದು ಮೀಟಿಂಗ್ ಮಾಡ್ತಾರೆ. ಬರೋಕೆ ಮುಂಚೆ ಬರೋರು, ಹೋದ್ಮೇಲೂ ಹೋಗದೋರು! ದೆವ್ವ ಕರೆಯೋಕೆ ಇದಕ್ಕಿಂತ ಒಳ್ಳೆ ಟೀಮ್ ಸಿಗುತ್ತಾ?"

ಬೇಸಿಗೆಯಲ್ಲಿ ಹ್ಯೂಸ್ಟನ್ನಿನ ಸರದಿ ಬಂತು. ನಾನೂ ಹೋಗಿದ್ದೆ. ಬೀಗಿತ್ತಿ ಸೌತೆಕಾಯಿಗೆ ಕಡ್ಡಿಯ ಕಾಲು ಚುಚ್ಚಿ ಕುದುರೆ ಮಾಡುವುದನ್ನು ತೋರಿಸಿಕೊಟ್ಟರು. ಹಿರಿಯರು ಬೇಗ ಬರಲಿ ಎಂದು ಕುದುರೆ. ನಿಧಾನವಾಗಿ ಹೋಗಲಿ ಎಂದು ಬದನೆಕಾಯಿಯ ಹಸು. ಎಲ್ಲರೂ ಭಕ್ತಿಯಿಂದ ಕಡ್ಡಿ ಚುಚ್ಚುತ್ತಿದ್ದರೆ ಮಾವ ಮಾತ್ರ ಸೌತೆಕಾಯಿಗೆ ಕ್ಯಾರೆಟ್ಟಿನ ಬಿಲ್ಲೆ ಜೋಡಿಸುತ್ತಿದ್ದರು. "ನಿಮ್ಮತ್ತೆ ಕುದುರೆ ಹತ್ತೋಳಲ್ಲ. ಕಾರಲ್ಲಿ ಪಕ್ಕದ ಸೀಟಲ್ಲಿ ಕೂತ್ಕೊಂಡೇ ಬ್ರೇಕ್ ಒತ್ತೋಳು. ಅವಳಿಗೆ ಕಾರೇ ಸರಿ."

ನಾನು ನಾಚಿಕೆಯಿಂದ ಕುಗ್ಗಿಹೋದೆ. ಬೀಗಿತ್ತಿ ಆ ಸೌತೆಕಾಯಿ ಕಾರನ್ನು ಅಂಗೈಯಲ್ಲಿ ಹಿಡಿದು ಗಂಭೀರವಾಗಿ ನೋಡಿದರು. "ಪಾರ್ಕಿಂಗ್ ಎಲ್ಲಿ?" ಎಂದರು.

ಮಾವ ಮನೆಯ ಮುಂಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಚೌಕ ಬರೆದು ಕಾರು ನಿಲ್ಲಿಸಿದರು. ಬೆಳಗ್ಗೆ ಎದ್ದು ನೋಡಿದರೆ ಕಾರು ಚೌಕದ ಹೊರಗೆ ಬಾಗಿಲಿಗೆ ಬೆನ್ನು ಮಾಡಿ ನಿಂತಿತ್ತು.

"ಅಳಿಲು ಮಾವ," ಎಂದೆ.

"ಅಳಿಲಾಗಿದ್ರೆ ತಿಂತಿತ್ತು. ರಿವರ್ಸ್ ತಗೊಂಡು ನಿಲ್ಲಿಸ್ತಿತ್ತಾ?"

ನಗು ಬಂದರೂ ನನ್ನ ತೋಳಿನ ಕೂದಲು ನಿಮಿರಿದ್ದು ಸುಳ್ಳಲ್ಲ. ಏಕೆಂದರೆ ಅತ್ತೆ ತಾವೇ ಕಾರು ಓಡಿಸಿದಾಗ ರಿವರ್ಸ್ ತೆಗೆಯುತ್ತಾ ಯಾವಾಗಲೂ ಗೆರೆ ದಾಟುತ್ತಿದ್ದರು.

ಅಕ್ಟೋಬರಿನಲ್ಲಿ ಆಸ್ಟಿನ್ನಿನ ಸಭೆ. ಈ ಸಲ ಬೀಗರ ಪಾಳಿ. "ತಿಂಗಳು ಮುಗಿಯುವ ಸಂಜೆ ಒಂದು ತಟ್ಟೆ ಊಟ ಬಡಿಸಿಡಿ. ಕುರ್ಚಿ ಬಾಗಿಲ ಕಡೆ ತಿರುಗಿಸಿ. ಬಾಗಿಲಿಗೆ ಮಾತ್ರ ಚಿಲಕ ಹಾಕಬೇಡಿ," ಎಂದರು. ಟೆಕ್ಸಾಸಿನಲ್ಲಿ ಬಾಗಿಲಿಗೆ ಚಿಲಕ ಹಾಕದೆ ಕೂರುವುದೇ! ದೆವ್ವಕ್ಕಿಂತ ಮುಂಚೆ ಬರುವವರು ಎಷ್ಟು ಜನರಿಲ್ಲ? ಆದರೆ ಮಾವ ಕೇಳಬೇಕಲ್ಲ. ನಾನು ಮೊದಲೇ ಹೇಳಿದ ಇಸ್ತ್ರಿ ಅಂಗಿಯ ಅಪಾಯಿಂಟ್‌ಮೆಂಟ್ ಇದೇ. ಆ ಸಂಜೆ ಬೆಳಕಿರುವಾಗಲೇ ನನ್ನ ಫೋನಿಗೆ ಅವರ ಬಾಗಿಲ ಕ್ಯಾಮೆರಾದ ಒಂದು ಕ್ಲಿಪ್ ಬಂತು. ಮೇಲೆ ಕ್ಯಾಮೆರಾ ತಾನೇ ಬರೆದುಕೊಂಡಿದ್ದ ಸಾಲು: ನಿಮ್ಮ ಬಾಗಿಲಲ್ಲಿ ಒಬ್ಬ ವ್ಯಕ್ತಿ ಇದ್ದಾರೆ.

ಫೋನ್ ಮಾಡಿದೆ. "ಮಾವ, ಕ್ಲಿಪ್ಪಲ್ಲಿ ಯಾರೂ ಇಲ್ವಲ್ಲ."

"ಇಲ್ದೇ ಇರೋರಿಗೆ ಕ್ಯಾಮೆರಾ ನೋಟಿಫಿಕೇಶನ್ ಕಳಿಸುತ್ತಾ? ಇನ್ನೊಂದ್ಸಲ ನೋಡು. ಚಪ್ಪಲಿ ನೋಡು."

ನೋಡಿದೆ. ಕ್ಲಿಪ್ಪಿನ ಶುರುವಿನಲ್ಲಿ ಮಾವನ ಚಪ್ಪಲಿಗಳು ಒಂದು ಪೂರ್ವಕ್ಕೆ ಇನ್ನೊಂದು ಪಶ್ಚಿಮಕ್ಕೆ ಬಿದ್ದಿದ್ದವು. ನಡುವೆ ಒಂದು ಕ್ಷಣ ಚಿತ್ರ ಮಸುಕಾಯಿತು. ಮತ್ತೆ ತಿಳಿಯಾದಾಗ ಎರಡೂ ಜೋಡಿಯಾಗಿ ಗೋಡೆಗೆ ಒರಗಿದ್ದವು. ಗಾಳಿ ಎಂದು ನನಗೆ ನಾನೇ ಹೇಳಿಕೊಂಡೆ. ಹ್ಯೂಸ್ಟನ್ನಿನ ಗಾಳಿಗೆ ಛಾವಣಿ ಹಾರಿಸುವುದು ಗೊತ್ತು, ಚಪ್ಪಲಿ ಜೋಡಿಸುವುದು ಎಂದು ಕಲಿಯಿತು? ಫೋನನ್ನು ಕಿವಿಗೆ ಒತ್ತಿಕೊಂಡೇ ಮನೆಯ ದೀಪಗಳನ್ನೆಲ್ಲ ಹಾಕಿ ಕೂತೆ.

"ಬಂದಿದ್ಲು ಕಣೋ," ಮಾವನ ದನಿ ಸಣ್ಣದಾಗಿತ್ತು. "ಬಾಗಿಲ ತನಕ ಬಂದು ಒಳಗೆ ಬರಲಿಲ್ಲ. ಕೋಪ ಇದೆ."

"ಯಾಕೆ ಕೋಪ?"

ಆಗ ಮಾವ ಮೊದಲ ಸಲ ಹೇಳಿದರು. ಅತ್ತೆ ದಿನಾ ಮಧ್ಯಾಹ್ನ ಆಫೀಸಿಗೆ ಫೋನ್ ಮಾಡಿ "ಊಟ ಆಯ್ತಾ?" ಎಂದು ಕೇಳುತ್ತಿದ್ದರು. ಆ ದಿನವೂ ಕೇಳಿದ್ದರು. "ಮೀಟಿಂಗಲ್ಲಿದೀನಿ, ಆಮೇಲೆ ಹೇಳ್ತೀನಿ" ಎಂದು ಇವರು ಫೋನ್ ಇಟ್ಟಿದ್ದರು. ಸಂಜೆ ಮನೆಗೆ ಹೋದರೆ ಅತ್ತೆ ಸೋಫಾದಲ್ಲಿ ಕೂತಂತೆಯೇ ಹೋಗಿಬಿಟ್ಟಿದ್ದರು. ಕೈಯಲ್ಲಿ ಫೋನು.

"ಊಟ ಆಗಿತ್ತು ಕಣೋ. ಡಬ್ಬಿ ಖಾಲಿ ಮಾಡಿದ್ದೆ. ಆಯ್ತು ಅನ್ನೋಕೆ ಎಷ್ಟು ಹೊತ್ತು? ಎರಡಕ್ಷರ! ಅದೊಂದು ಹೇಳಿಬಿಟ್ರೆ ಅವಳ ಪಾಡಿಗೆ ಅವಳು ಹೋಗಲಿ. ಇಲ್ದಿದ್ರೆ ಕಾಯ್ತಾನೇ ಇರ್ತಾಳೆ. ಅವಳ ಸ್ವಭಾವ ನಿಂಗೆ ಗೊತ್ತಿಲ್ಲ."

ಇಷ್ಟು ದಿನ ಮಾವನಿಗೆ ಒಂದು ಸ್ಕ್ರೂ ಸಡಿಲ ಎಂದು ಮನೆಮಂದಿಯೆಲ್ಲ ನಗುತ್ತಿದ್ದೆವು. ಅಂದಿನಿಂದ ನಾನು ಆ ನಗು ಬಿಟ್ಟೆ.

ಬೀಗಿತ್ತಿಗೂ ಈ ವಿಷಯ ತಿಳಿಯಿತು. ಆಕೆ ಬಹಳ ಯೋಚಿಸಿ ತಮ್ಮ ಊರಿನ ಹಳೆಯ ಪದ್ಧತಿಯೊಂದನ್ನು ಸಂಘದ ಮುಂದಿಟ್ಟರು. ನೂರು ದೀಪ ಹಚ್ಚುವುದು, ಒಂದೊಂದು ದೆವ್ವದ ಕಥೆಗೆ ಒಂದೊಂದು ದೀಪ ಆರಿಸುವುದು. ಕೊನೆಯ ದೀಪ ಹೋದಾಗ ಯಾರೋ ಬರುತ್ತಾರೆ. ಯಾರು ಎಂಬುದು ನಮ್ಮ ಕೈಯಲ್ಲಿಲ್ಲ. ಅದಕ್ಕೇ ಎಲ್ಲರೂ ತೊಂಬತ್ತೊಂಬತ್ತಕ್ಕೆ ನಿಲ್ಲಿಸಿ ಮನೆಗೆ ಹೋಗುತ್ತಾರೆ.

"ಬೇರೆ ಯಾರಾದ್ರೂ ಬಂದ್ರೆ?" ಎಂದು ನಾನು ಮಾವನನ್ನು ಕೇಳಿದೆ.

"ಬರಲಿ. ಅವರ ಕೈಲೇ ಹೇಳಿ ಕಳಿಸ್ತೀನಿ."

ಹಾಗೆ ಮೂರೂ ಊರುಗಳಲ್ಲಿ ಕಥೆ ಶುರುವಾಯಿತು. ದೆವ್ವದ ಕಥೆ ಎಂದರೆ ನಡುರಾತ್ರಿ ಅಂದುಕೊಂಡಿರಾ? ಮಾವನನ್ನು ಬಿಟ್ಟರೆ ಸದಸ್ಯರೆಲ್ಲ ಎಪ್ಪತ್ತು ದಾಟಿದವರು, ಕತ್ತಲಾದ ಮೇಲೆ ಡ್ರೈವ್ ಮಾಡುವುದಿಲ್ಲ! ಆದ್ದರಿಂದ ಶನಿವಾರ ಮಧ್ಯಾಹ್ನ, ಕಿಟಕಿಗಳಿಗೆ ಕಪ್ಪು ಕಸದ ಚೀಲ ಅಂಟಿಸಿ. ಬಾಡಿಗೆಯ ಹಾಲ್‌ನಲ್ಲಿ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಬ್ಯಾಟರಿ ದೀಪ. ಬೀಗರು ಕಥೆ ತೆಗೆದರೆ ದೆವ್ವದ ಅಜ್ಜಿಯ ತವರುಮನೆಯಿಂದ ಆರಂಭ. ದೆವ್ವ ಬರುವಷ್ಟರಲ್ಲಿ ಮೂವರು ನಿದ್ದೆಗೆ, ಇಬ್ಬರು ಬಾತ್‌ರೂಮಿಗೆ. ಬೀಗಿತ್ತಿಯ ಕಥೆ ಹೀಗೆ: "ಬಾವಿಯ ಬಳಿ ಒಬ್ಬಳು ಕೂತಿದ್ದಳು. ತಿರುಗಿದಳು. ಮುಖ ಇರಲಿಲ್ಲ. ಧನ್ಯವಾದ." ಟಕ್ ಎಂದು ದೀಪ ಆರಿಸಿ ಕೂತುಬಿಡುತ್ತಿದ್ದರು. ಆ ಧನ್ಯವಾದ ಕೇಳಿಯೇ ನನ್ನ ಬೆನ್ನು ತಣ್ಣಗಾಗುತ್ತಿತ್ತು.

ಆಸ್ಟಿನ್ನಿನಲ್ಲಿ ಮಾವ ನಮ್ಮ ಕಡೆಯ ಕಥೆ ಹೇಳಿದರು. ಮನೆಯವರ ದನಿಯಲ್ಲೇ ಕರೆದು ಬಾಗಿಲು ತಟ್ಟುವ ದೆವ್ವ. ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದರೆ ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. "ನಿಮ್ಮ ದೆವ್ವಗಳು ವಿದ್ಯಾವಂತರು!" ಎಂದು ಬೀಗರು ಹೊಟ್ಟೆ ಹಿಡಿದು ನಕ್ಕರು. ಬೀಗಿತ್ತಿ ನಗಲಿಲ್ಲ. "ಪಾಪ, ದಿನಾ ಬರುತ್ತಿದ್ದಳಾ?" ಎಂದು ಕೇಳಿದರು. ಮಾವ ದೀಪ ಆರಿಸುವುದನ್ನೇ ಮರೆತು ನಿಂತರು. ಸಭೆ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ನನ್ನ ಕಾರಿನ ಬಾಗಿಲು ಹಿಡಿದುಕೊಂಡು ನಿಂತರು. ಒಂದೇ ಮಾತು ಆಡಿದರು: "ನಾನೂ ಜೀವಮಾನವೆಲ್ಲ ಬಾಗಿಲ ಮೇಲೆ ಅದನ್ನೇ ಬರೆದಿಟ್ಟಿದ್ದೆ ಕಣೋ."

ಕೊನೆಯ ಸಭೆ ನಮ್ಮ ಫಾರ್ಮರ್ಸ್ ಬ್ರಾಂಚಿನಲ್ಲಿ, ಹೆದ್ದಾರಿಯ ಪಕ್ಕದ ಆಫೀಸ್ ಪಾರ್ಕಿನ ಒಂದು ಹಾಲ್‌ನಲ್ಲಿ. ತೊಂಬತ್ತೊಂಬತ್ತನೆಯ ಕಥೆ ಮುಗಿಯಿತು. ಮೇಜಿನ ಮೇಲೆ ಉಳಿದದ್ದು ಒಂದೇ ದೀಪ. ಜಪಾನಿನವರೆಲ್ಲ ಎದ್ದು ಕೋಟು ಹಾಕಿಕೊಂಡರು. ಐರಿಷ್‌ನವರು ಕೂತೇ ಇದ್ದರು.

"ಕಥೆಯನ್ನು ಅರ್ಧಕ್ಕೆ ಬಿಟ್ಟು ಹೋಗುವುದು ನಮ್ಮಲ್ಲಿ ಅಪಶಕುನ," ಎಂದರು ಬೀಗರು.

"ಮುಗಿಸುವುದು ನಮ್ಮಲ್ಲಿ," ಎಂದಿತು ಆ ಕಡೆ.

ಮಾತಿನ ಬಿಸಿ ಏರತೊಡಗಿತು. ಈ ಸಲ ಬಿಡಿಸಬೇಕಾದ ಮೂರನೆಯವರು ಫ್ಲಾಸ್ಕ್ ತೆರೆಯಲಿಲ್ಲ. ಕೈಕಟ್ಟಿಕೊಂಡು ಆ ಒಂದು ದೀಪವನ್ನೇ ನೋಡುತ್ತಿದ್ದರು. ಮಾವ ಅಷ್ಟು ಮುದುಕರಾಗಿ ಕಂಡದ್ದು ನನಗೆ ಅದೇ ಮೊದಲು. ಬೀಗಿತ್ತಿ ಅವರನ್ನು ಒಂದು ಗಳಿಗೆ ನೋಡಿದರು. ಹಾಕಿಕೊಂಡಿದ್ದ ಕೋಟು ತೆಗೆದು ಕುರ್ಚಿಗೆ ಹಾಕಿ ಕೂತರು. ಅವರ ಕಡೆಯವರೂ ಒಬ್ಬೊಬ್ಬರಾಗಿ ಕೂತರು.

"ಹೇಳಿ," ಎಂದರು ಬೀಗಿತ್ತಿ.

ಮಾವ ಇಂಗ್ಲಿಷಿನಲ್ಲಿ ಹೇಳಿದರು. "ಒಬ್ಬಳು ಹೆಂಡತಿ ಇದ್ದಳು. ದಿನಾ ಮಧ್ಯಾಹ್ನ ಗಂಡನಿಗೆ ಫೋನ್ ಮಾಡಿ ಊಟ ಆಯಿತಾ ಎಂದು ಕೇಳುತ್ತಿದ್ದಳು. ಒಂದು ದಿನ ಗಂಡ, ಆಮೇಲೆ ಹೇಳುತ್ತೇನೆ ಎಂದ. ಅಷ್ಟೇ ಕಥೆ."

ಅವರ ಕೈ ಸ್ವಿಚ್ಚನ್ನು ಮುಟ್ಟುವ ಮೊದಲೇ ದೀಪ ಹೋಯಿತು. ಬ್ಯಾಟರಿ ಮುಗಿದಿರಬೇಕು. ಎ.ಸಿ.ಯ ಸದ್ದೂ ನಿಂತಿತು. ಹೆದ್ದಾರಿಯ ಭೋರ್ಗರೆತ ಎಲ್ಲಿ ಹೋಯಿತೋ, ನನಗೆ ನನ್ನ ಉಸಿರು ಮಾತ್ರ ಕೇಳುತ್ತಿತ್ತು. ಯಾರೂ ಬರಲಿಲ್ಲ. ಬಾಗಿಲು ಕಿರುಗುಟ್ಟಲಿಲ್ಲ. ಪಾಪ ಮಾವ, ಇಷ್ಟಕ್ಕಾಗಿ ಇಷ್ಟೆಲ್ಲ ಮಾಡಿದರಲ್ಲ ಎಂದು ನನ್ನ ಕಣ್ಣು ತುಂಬಿತು. ಅವರ ಕೈ ಹಿಡಿದುಕೊಳ್ಳೋಣ ಎಂದು ಕತ್ತಲಲ್ಲಿ ತಡಕಾಡಿದೆ.

ಆಗ ಮಾವ ಮಾತಾಡಿದರು. ಕನ್ನಡದಲ್ಲಿ. ಅಡುಗೆಮನೆಯ ಕಡೆ ತಿರುಗಿ ಮಾತಾಡುವ, ದಿನನಿತ್ಯದ ದನಿಯಲ್ಲಿ. ಯಾರೂ ಏನೂ ಕೇಳಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

"ಆಯ್ತು ಕಣೇ," ಎಂದರು. ಆಮೇಲೆ ಸ್ವಲ್ಪ ತಡೆದು, "ನಿಂದು?"

ಅವರ ಸಂಸಾರವನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮಾವ ಅತ್ತೆಯನ್ನು ಆ ಪ್ರಶ್ನೆ ಕೇಳಿದ್ದನ್ನು ನಾನು ಒಂದು ಸಲವೂ ಕೇಳಿರಲಿಲ್ಲ.

ಬೀಗರು ಗೋಡೆಯ ಸ್ವಿಚ್ಚಿಗಾಗಿ ತಡವುವ ಸದ್ದಾಯಿತು. "ಬೇಡ," ಎಂದು ಬೀಗಿತ್ತಿ ಪಿಸುಗುಟ್ಟಿದರು. ಸದ್ದು ನಿಂತಿತು. ಕತ್ತಲಲ್ಲಿ ಮಾವ "ಹೂಂ... ಹೂಂ..." ಎಂದು ಕೇಳಿಸಿಕೊಳ್ಳುತ್ತಿದ್ದರು. ನಡುವೆ ಒಮ್ಮೆ ಮೆಲ್ಲಗೆ ನಕ್ಕರು. ಅತ್ತೆ ಅಂದು ಏನೇನು ಉಂಡಿದ್ದರೋ, ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು.