ಮಾವ ಬೇಡವೆಂದ ಕ್ಯಾಮೆರಾ

ಇಷ್ಟಕ್ಕೆಲ್ಲ ಕಾರಣ ಒಂದು ಮರಕುಟಿಗ. ದಂಡಿನಶಿವರದ ರುದ್ರೇಶನ ತೋಟದ ತೆಂಗಿನ ಮರಕ್ಕೆ ಅದು ಬಂದು ಕೂತಿತ್ತು. ರುದ್ರೇಶ ಉಸಿರು ಬಿಗಿಹಿಡಿದು ಫೋನಿನಲ್ಲಿ ಫೋಟೊ ತೆಗೆದ. ಫೋಟೊದಲ್ಲಿ ಹಕ್ಕಿ ಮಸುಕಾದ ಒಂದು ಕೆಂಪು ಚುಕ್ಕೆಯಾಗಿತ್ತು. ತೆಗೆದು ಸುಮ್ಮನಿರದೆ ತೆಂಗು ಬೆಳೆಗಾರರ ವಾಟ್ಸಾಪ್ ಗುಂಪಿಗೆ ಹಾಕಿದ. ಹಕ್ಕಿ ಎಂದು ಒಬ್ಬರಾದರೂ ಅಂದಿದ್ದರೆ ಕೇಳಿ. ಒಬ್ಬ ಇದು ಕೆಂಪುಮೂತಿ ಹುಳ ಅಂದ, ಇನ್ನೊಬ್ಬ ಬೇವಿನೆಣ್ಣೆ ಹೊಡೆಯಲು ಹೇಳಿದ, ಮೂರನೆಯವನು ಮರವನ್ನೇ ಕಡಿಸಿಬಿಡು ಎಂದು ಬರೆದ. ಅವತ್ತೇ ರುದ್ರೇಶ ಒಳ್ಳೆಯ ಕ್ಯಾಮೆರಾ ಕೊಳ್ಳಲೇಬೇಕೆಂದು ತೀರ್ಮಾನಿಸಿದ.

ಕೊಳ್ಳುವುದು ದೊಡ್ಡ ಮಾತಲ್ಲ, ತಾನಾಗಿಯೇ ಆರಿಸಿ ಕೊಳ್ಳಬೇಕು ಎನ್ನುವುದೇ ಅವನ ಹಟ. ಪಾಪ, ಆ ಹಟಕ್ಕೂ ಅರ್ಥವಿತ್ತು. ಅವನ ಬೈಕು ಅಪ್ಪ ಆರಿಸಿದ್ದು, ಫೋನು ಭಾಮೈದ ಆರಿಸಿದ್ದು. ಹಸು ಕೊಳ್ಳಲು ಹೋದಾಗ ಬೀದಿಗೆ ಬೀದಿಯೇ ಹಿಂದೆ ಬಂದಿತ್ತು. ನಲವತ್ತು ತುಂಬಿದ ಗಂಡಸು ತನಗೆ ಬೇಕಾದ ಒಂದು ವಸ್ತುವನ್ನು ತಾನೇ ಬೆರಳು ತೋರಿಸಿ ಕೇಳಬಾರದೇ?

ಆರು ತಿಂಗಳು ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ, ಮೂವತ್ತು ಸಾವಿರದೊಳಗೆ ಬರುವ ಒಂದು ಸೆಕೆಂಡ್ ಹ್ಯಾಂಡ್ ಡಿಎಸ್ಎಲ್ಆರ್ ಗೊತ್ತುಮಾಡಿಕೊಂಡ. ಮದುವೆಮನೆ ಫೋಟೊಗ್ರಾಫರುಗಳು ಹಿಡಿಯುವಂಥ ದೊಡ್ಡ ಕ್ಯಾಮೆರಾ. ಆ ದುಡ್ಡಿಗೆ ಬರೀ ಬಾಡಿ ಬರುತ್ತಿತ್ತು, ಲೆನ್ಸು ಬೇರೆ ಕೊಳ್ಳಬೇಕು. ಅದನ್ನು ಮುಂದಿನ ಕೊಬ್ಬರಿಗೆ ನೋಡಿಕೊಂಡರಾಯಿತು ಅಂದುಕೊಂಡ. ಈ ಗುಟ್ಟು ಹೆಂಡತಿ ನಿರ್ಮಲಾಳನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅವಳು ಒಂದು ಮಾತೂ ಎದುರಾಡದೆ, ಹುಷಾರಾಗಿ ಹೋಗಿಬನ್ನಿ ಅಂದಳು. ಅವನಿಗೆ ಅದೇ ಒಂದು ಸಮಾಧಾನ.

ಬೀದಿಯವರ ಕಣ್ಣಿಗೆ ಮಣ್ಣೆರಚಲು ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಡಬ್ಬ ಹೊತ್ತು, ರಿಪೇರಿಗೆ ಹೋಗುವವನಂತೆ ಹೊರಟ. ಬಸ್ ಸ್ಟಾಪಿನಲ್ಲಿ ಪಕ್ಕದ ಮನೆಯ ಪುಟ್ಟಗಂಗಮ್ಮ ಕೂತಿದ್ದಳು. ಡಬ್ಬ ನೋಡಿದಳು, ಅವನ ಇಸ್ತ್ರಿ ಷರ್ಟು ನೋಡಿದಳು.

"ಸ್ಟಾರ್ಟರ್ ರಿಪೇರಿಗೆ ಮದ್ಮಗನಂಗೆ ಹೊಂಟಿದೀಯಲ್ಲಪ್ಪ" ಅಂದಳು.

ರುದ್ರೇಶ ಏನೋ ತೊದಲಿದ. ಬಸ್ಸಿನಲ್ಲಿ ಪುಟ್ಟಗಂಗಮ್ಮ ಅವನ ಹಿಂದಿನ ಸೀಟಿನಲ್ಲೇ ಕೂತು, ಯಾರಿಗೋ ಫೋನು ಮಾಡಿ ಪಿಸುಪಿಸು ಮಾತಾಡಿದಳು. ಡಬ್ಬದ ಭಾರ ತೊಡೆಯ ಮೇಲೆ, ಅವಳ ಭಯ ಬೆನ್ನ ಮೇಲೆ. ತಿಪಟೂರು ಬರುವಷ್ಟರಲ್ಲಿ ಅವನ ಇಸ್ತ್ರಿಯೆಲ್ಲ ಬೆವರಿಗೆ ಹೋಗಿತ್ತು.

ಬಸ್ಸಿಳಿದರೆ ಎದುರಿಗೇ ನಿಂತಿದ್ದವನು ಸೋದರಮಾವ ಹುಚ್ಚರಂಗಯ್ಯ. ಮಂಡಿಯಲ್ಲಿ ಕೊಬ್ಬರಿ ಖರೀದಿ ಮಾಡಿಯೇ ತಲೆ ನೆರೆತವನು. ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಗಿಟಕು ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಕ್ಯಾಮೆರಾ ತಗೊಳ್ಳಾಕೆ ಬಂದೆಯಂತೆ, ನಡಿ, ನಾನೂ ಬತ್ತೀನಿ ಅಂದ. ಎಲ್ಲ ಹೇಗೋ ವಾಸನೆ ಹಿಡಿದ ಪುಟ್ಟಗಂಗಮ್ಮನ ಬಾಯಿಯ ಕೆಲಸವೆಂದು ರುದ್ರೇಶ ಮನಸ್ಸಿನಲ್ಲೇ ಶಪಿಸಿದ. ಹೊಟ್ಟೆನೋವೆಂದ, ಮಾವ ಸೋಡ ಕುಡಿಸಿದ. ಮೊದಲು ಸ್ಟಾರ್ಟರ್ ಕೆಲಸವಿದೆಯೆಂದ, ಮಾವ ಡಬ್ಬ ಕಿತ್ತುಕೊಂಡು ಗುರುತಿನ ಮೆಕ್ಯಾನಿಕ್ಕಿನ ಹತ್ತಿರ ಬಿಸಾಕಿ ಬಂದ.

ಕ್ಯಾಮೆರಾ ಅಂಗಡಿಯ ಹನುಮಂತರಾಜು ಎರಡು ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟ. ಒಂದು ರುದ್ರೇಶ ಹಗಲೂ ರಾತ್ರಿ ಕನವರಿಸಿದ್ದ ದೊಡ್ಡ ಬಾಡಿ. ಇನ್ನೊಂದು ಚಿಕ್ಕದು, ಉದ್ದನೆಯ ಲೆನ್ಸಿನ ಸಮೇತ, ಅದೇ ರೇಟಿಗೆ. ರುದ್ರೇಶ ದೊಡ್ಡದರ ಕಡೆ ಕೈ ಚಾಚಿದ. ಅಷ್ಟರಲ್ಲಿ ಹುಚ್ಚರಂಗಯ್ಯ ಅದನ್ನೆತ್ತಿ ಕಿವಿಗಿಟ್ಟು ಗಡಗಡ ಅಲ್ಲಾಡಿಸಿದ.

ಹನುಮಂತರಾಜು ಹೌಹಾರಿ ಎದ್ದು ನಿಂತ. ಅಯ್ಯೋ ಯಜಮಾನ್ರೇ, ಅದು ಕಾಯಲ್ಲ ಅಂದ. ಹುಚ್ಚರಂಗಯ್ಯ ಕಣ್ಣು ಮುಚ್ಚಿ ಆಲಿಸುತ್ತಲೇ ಇದ್ದ.

"ಗಟ್ಟಿ ಮಾಲು ಕಣ್ಲಾ. ಕೊಬ್ರಿ ಆದ್ರೆ ಅಲ್ಲಾಡ್ಬೇಕು, ಮಿಷನ್ ಅಲ್ಲಾಡ್ಬಾರ್ದು. ಇದನ್ನೇ ತಗಾ."

ಆಮೇಲೆ ಚಿಕ್ಕದನ್ನು ಅಲ್ಲಾಡಿಸಿದ. ಲೆನ್ಸಿನೊಳಗೆ ಲೊಟಕ್ ಲೊಟಕ್ ಎಂದಿತು. ಕೈ ನಡುಗಿದರೂ ಫೋಟೊ ಮಸುಕಾಗದಂತೆ ಒಳಗೊಂದು ಗಾಜು ಸಡಿಲವಾಗಿರುತ್ತೆ, ಮಾಡಿರೋದೇ ಹಾಗೆ ಎಂದು ಹನುಮಂತರಾಜು ಬಿಡಿಸಿ ಹೇಳಿದ. ಮಾವ ಕೇಳಬೇಕಲ್ಲ. ಜೊಳ್ಳು ಮಾಲು, ಹೊಸದಾಗಿ ಬಂದವರ ತಲೆಗೆ ಕಟ್ಟೋದು ಎಂದು ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳುವಂತೆ ಬೈದ. ಹನುಮಂತರಾಜು ಮರ್ಯಾದೆಗೆ ಅಂಜಿ, ಚಿಕ್ಕದಕ್ಕೆ ಎರಡು ಸಾವಿರ ಇಳಿಸಿ, ಬ್ಯಾಗು, ಮೆಮೊರಿ ಕಾರ್ಡು ಪುಕ್ಕಟೆ ಅಂದ. ಪುಕ್ಕಟೆ ಕೊಟ್ಟರೂ ಬ್ಯಾಡ ಬುಡು ಅಂದ ಮಾವ, ದೊಡ್ಡದನ್ನೇ ಎತ್ತಿ ರುದ್ರೇಶನ ಕೈಗಿಟ್ಟ.

ಆರು ತಿಂಗಳ ಆಸೆಯ ಕ್ಯಾಮೆರಾ ಕೈಯಲ್ಲಿತ್ತು. ಆದರೆ ಅದನ್ನು ಕೊಂಡರೆ ನಾಳೆ ಊರೆಲ್ಲ ಏನನ್ನುತ್ತದೆ? ಹುಚ್ಚರಂಗಯ್ಯ ಆರಿಸಿಕೊಟ್ಟ ಕ್ಯಾಮೆರಾ ಅನ್ನುತ್ತದೆ. ರುದ್ರೇಶ ಸಿಟ್ಟಿನಿಂದ ಅದನ್ನು ಮತ್ತೆ ಮೇಜಿನ ಮೇಲಿಟ್ಟ.

"ನನಗೆ ಇದು ಬೇಡ. ಆ ಲೊಟಕ್ ಅನ್ನೋದೇ ಕೊಡಿ" ಅಂದ.

ಮಾವ ಎಷ್ಟು ಹೇಳಿದರೂ ಅವನು ಬಗ್ಗಲಿಲ್ಲ. ದುಡ್ಡು ಕೊಟ್ಟು, ಬ್ಯಾಗು ಹೆಗಲಿಗೇರಿಸಿ, ಮೆಕ್ಯಾನಿಕ್ಕಿನ ಹತ್ತಿರ ಬಿಟ್ಟಿದ್ದ ಡಬ್ಬ ಹೊತ್ತು ಬಸ್ಸು ಹತ್ತಿದ. ಹುಟ್ಟಿದಾಗಿನಿಂದ ಇಷ್ಟು ಹಗುರವಾಗಿ ಉಸಿರಾಡಿದ್ದು ಅವನಿಗೆ ನೆನಪಿರಲಿಲ್ಲ. ಒಂದೇ ಚಿಂತೆ ಎಂದರೆ, ರಸ್ತೆಯ ಗುಂಡಿ ಬಂದಾಗಲೆಲ್ಲ ಬ್ಯಾಗಿನೊಳಗೆ ಲೊಟಕ್ ಎನ್ನುತ್ತಿತ್ತು. ಎಲ್ಲಾದರೂ ಮಾವ ಹೇಳಿದ್ದೇ ನಿಜವಾಗಿದ್ದರೆ? ಬುಡು, ಕೆಟ್ಟದ್ದಾದರೂ ನನ್ನದೇ ಎಂದು ಧೈರ್ಯ ತಂದುಕೊಂಡ.

ಊರಿಗೆ ಬಂದವನು ನೆಟ್ಟಗೆ ತೋಟಕ್ಕೆ ಹೋದ. ಮರಕುಟಿಗ ಸಂಜೆಬಿಸಿಲಿನಲ್ಲಿ ಮರ ಕುಟ್ಟುತ್ತಿತ್ತು. ಕೈ ನಡುಗುತ್ತಲೇ ಗುಂಡಿ ಒತ್ತಿದ. ತೆರೆಯ ಮೇಲೆ ನೋಡಿದರೆ ಕೆಂಪು ಜುಟ್ಟಿನ ಒಂದೊಂದು ಗರಿಯೂ ಕಾಣುತ್ತಿತ್ತು. ರುದ್ರೇಶನ ಕಣ್ಣು ತುಂಬಿ ಬಂತು. ಗುಂಪಿಗೆ ಹಾಕಿದ ಮೇಲೆ ಯಾರೂ ಬೇವಿನೆಣ್ಣೆಯ ಸುದ್ದಿ ಎತ್ತಲಿಲ್ಲ.

ಮನೆಗೆ ಬಂದರೆ, ಹಿಂದಿನ ಬಸ್ಸಿಗೆ ಬಂದಿಳಿದ ಹುಚ್ಚರಂಗಯ್ಯ ಜಗಲಿಯ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದ. ರುದ್ರೇಶ ಗೆದ್ದವನ ಗತ್ತಿನಲ್ಲಿ ಫೋಟೊ ತೋರಿಸಿ, ನಿನ್ನ ಮಾತು ಕೇಳಿದ್ದರೆ ಕೆಡುತ್ತಿದ್ದೆ ಮಾವ ಅಂದ. ಮಾವ ಲೋಟ ಕೆಳಗಿಟ್ಟ.

"ಮಂಡೀಲಿ ನಮಗೆ ಬೇಕಾದ ರಾಶೀನ ಹೊಗಳಾಕಿಲ್ಲ ಕಣಪ್ಪ, ಬೈತೀವಿ. ಬೈದ್ರೇನೇ ರೇಟು ಇಳಿಯೋದು. ನಿನಗಂತೂ ನಾನು ಬ್ಯಾಡ ಅಂದಿದ್ದೇ ಬೇಕಾಗೋದು."

ಬಾಗಿಲಲ್ಲಿ ನಿಂತಿದ್ದ ನಿರ್ಮಲಾ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ತುರುವೇಕೆರೆಯ ಸ್ಟುಡಿಯೊದಲ್ಲಿ ಕೆಲಸ ಮಾಡುವ ಅವಳ ಅಕ್ಕನ ಮಗಳು ಇಂಪನಾ, ಲೆನ್ಸಿಲ್ಲದ ಬಾಡಿ ತಂದು ಚಿಕ್ಕಪ್ಪ ಪೂಜೆ ಮಾಡ್ತಾರಾ, ಆ ದುಡ್ಡಿಗೆ ಲೆನ್ಸಿನ ಸಮೇತ ಬರೋ ಚಿಕ್ಕದನ್ನೇ ಕೊಡಿಸಿ ಎಂದು ಹೇಳಿದ್ದಳಂತೆ. ನೇರವಾಗಿ ಹೇಳಿದರೆ ಗಂಡ ಕೇಳುವವನಲ್ಲವೆಂದು ನಿರ್ಮಲಾ ಹಿಂದಿನ ದಿನವೇ ಮಾವನಿಗೆ ಫೋನು ಮಾಡಿದ್ದಳಂತೆ. ಪುಟ್ಟಗಂಗಮ್ಮ ಪಾಪ, ಬಸ್ಸಿನಲ್ಲಿ ತನ್ನ ಮಗಳ ಹತ್ತಿರ ಸೊಸೆಯನ್ನು ಬೈಯುತ್ತಿದ್ದಳಷ್ಟೆ.

ಸಿಟ್ಟು ಮಾಡೋಣವೆಂದರೆ ಕೈಯಲ್ಲಿ ಅಷ್ಟು ಚಂದದ ಫೋಟೊ ಇತ್ತು. ಕ್ಯಾಮೆರಾ ಕೆಟ್ಟದ್ದಲ್ಲವಲ್ಲ ಎಂಬ ನೆಮ್ಮದಿಯಲ್ಲಿ ಸಿಟ್ಟು ಸರಿಯಾಗಿ ಬರಲೂ ಇಲ್ಲ. ರುದ್ರೇಶ ಜಗಲಿಯ ಮೇಲೆ ಕುಸಿದು ಕೂತ.

"ಹಂಗಾದ್ರೆ ಇವತ್ತು ನಾನಾಗಿ ಮಾಡಿದ್ದು ಏನೇ?" ಎಂದು ಕೇಳಿದ.

ನಿರ್ಮಲಾ ಮಾವನ ಕಾಫಿ ಲೋಟ ಎತ್ತಿಕೊಂಡಳು.

"ದುಡ್ಡು ಕೊಟ್ಟಿದ್ದು ನೀವೇ ಕಣ್ರೀ" ಅಂದಳು.