ಡಿಸೆಂಬರಿನಲ್ಲಿ ಬೇವಿನ ಹೂ

ಬೇಡ ಎನ್ನಲು ನನಗೆ ಬರುವುದಿಲ್ಲ. ಇದನ್ನು ಜನ ಸೇವಾಭಾವ ಎಂದು ತಿಳಿದಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ಬೀದರಿನ ನಮ್ಮ ಕಾಲೊನಿಯ ಹಿಂದಿನಿಂದ ಅಷ್ಟೂರಿನ ದಿಕ್ಕಿಗೆ, ಗಿಡಮರಗಳ ನಡುವೆ ವಾಕಿಂಗ್ ದಾರಿಯೊಂದು ಆದಾಗ, ಅದನ್ನು ಯಾರು ನೋಡಿಕೊಳ್ಳುತ್ತೀರಿ ಎಂದು ಸಭೆಯಲ್ಲಿ ಕೇಳಿದರು. ಎಲ್ಲರೂ ನೆಲ ನೋಡಿದರು. ಯಾರೂ ಒಪ್ಪದಿದ್ದರೆ ಗತಿಯೇನು ಎಂಬ ಚಿಂತೆಯಲ್ಲಿ ನಾನೊಬ್ಬ ತಲೆ ಎತ್ತಿದೆ. ಅಷ್ಟು ಸಾಕಾಯಿತು.

ನನ್ನ ಪಾಲಿಗೆ ಬಂದದ್ದು ಸಣ್ಣ ಸೇತುವೆಯಿಂದ ಬೇವಿನ ಮರದವರೆಗಿನ ತುಂಡು, ಮರದ ಕೆಳಗೊಂದು ಕಲ್ಲುಬೆಂಚು. ಗುಟ್ಕಾ ಚೀಟಿ ಆರಿಸಬೇಕು, ಸಸಿಗಳಿಗೆ ನೀರು ಹಾಕಬೇಕು, ದಿನಾ ಬೆಳಿಗ್ಗೆ ಆರೂವರೆಗೆ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ನನ್ನ ಫೋಟೋದ ಕೆಳಗೆ ತಪ್ಪದೇ ಒಂದು ಟಿಪ್ಪಣಿ ಇರುತ್ತದೆ: ಮೂರನೆಯ ಹೊಂಗೆ ಸಸಿ ಬಾಡಿದಂತಿದೆ, ಇರುವೆಗೂಡು ನಿನ್ನೆಗಿಂತ ದೊಡ್ಡದಾಗಿದೆ, ಮೋಡ ಅನುಮಾನಕ್ಕೆ ಎಡೆ ಕೊಡುವಂತಿದೆ. “ನೀವು ಗಿಡಕ್ಕ ನೀರ್ ಹಾಕ್ತೀರೋ, ಕಣ್ಣೀರ್ ಹಾಕ್ತೀರೋ?” ಎಂದು ಹೆಂಡತಿ ಕೇಳಿದ್ದುಂಟು.

ಇಷ್ಟೆಲ್ಲ ಚಿಂತಿಸುವವನು ಮರೆತದ್ದು ಮಾತ್ರ ನಿಜವಾದ ಚಿಂತೆಯನ್ನು. ಕಳೆದ ಡಿಸೆಂಬರಿನ ಒಂದು ಸಂಜೆ ಬೆಂಚಿನ ಮೇಲೆ ಕೈ ಇಟ್ಟರೆ ಹಾಸುಗಲ್ಲು ತೊಟ್ಟಿಲಿನಂತೆ ತೂಗಿತು. ಕೆಳಗಿನ ಒಂದು ಕಾಲು ಸರಿದಿತ್ತು. ಬೆಳಿಗ್ಗೆ ಯಾರೂ ಕೂರದಂತೆ ಮುಳ್ಳು ಹಾಕಿ ಎಲ್ಲರಿಗೂ ತಿಳಿಸೋಣ ಎಂದುಕೊಂಡು ಮನೆಗೆ ಬಂದರೆ ಹೆಂಡತಿ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಭಾಲ್ಕಿಯಲ್ಲಿ ಅವಳ ತಂಗಿಯ ಮೊಮ್ಮಗುವಿಗೆ ಮರುದಿನ ತೊಟ್ಟಿಲ ಕಾರ್ಯಕ್ರಮ. ಆ ಮನೆಯ ಗದ್ದಲದಲ್ಲಿ ಒಂದು ತೊಟ್ಟಿಲು ನೋಡುತ್ತ ಇನ್ನೊಂದನ್ನು ಮರೆತುಬಿಟ್ಟೆ.

ಮರುದಿನ ಆರೂವರೆಗೆ ಗ್ರೂಪಿನಲ್ಲಿ ಉಳಿದವರ ಫೋಟೋಗಳು ಟಣ್ ಟಣ್ ಎಂದು ಬೀಳತೊಡಗಿದವು. ಊರಲ್ಲಿಲ್ಲ ಎಂದು ಒಪ್ಪಿಕೊಳ್ಳಲು ಸಂಕೋಚ. ಫೋನಿನಲ್ಲಿದ್ದ ಹಳೆಯದೊಂದು ಚೆಂದದ ಬೆಂಚಿನ ಫೋಟೋ ಹಾಕಿ, ‘ಎಲ್ಲಾ ಸರಿ ಇದೆ’ ಎಂದು ಬರೆದೆ. ಚಹಾದ ಮೊದಲ ಗುಟುಕು ಗಂಟಲಿಗಿಳಿಯುವಾಗ ಬೆಂಚು ನೆನಪಾಯಿತು. ಹಿಂದೆಯೇ ಗಫೂರ್ ಮಾಸ್ತರರು ನೆನಪಾದರು.

ಮಾಸ್ತರರು ನಿವೃತ್ತರು, ಮೊಣಕಾಲಿನ ಆಪರೇಷನ್ ಆದವರು. ದಿನಾ ಎಂಟಕ್ಕೆ ಸರಿಯಾಗಿ ಆ ಬೆಂಚಿನ ಮೇಲೆ ಕೂರುತ್ತಾರೆ. ಫೋನ್ ಮಾಡಿದೆ. ಸೊಸೆ ಎತ್ತಿದರು. “ಅಬ್ಬಾ ವಾಕಿಂಗ್‌ಕ ಹೋಗ್ಯಾರ್ರಿ. ನಿಮ್ಮ ಫೋಟೋ ನೋಡ್ಕೋತ ನಿಂತಿದ್ರು, ಫೋನ್ ಇಲ್ಲೇ ಇಟ್ಟು ಹೋದ್ರು. ಏನರೆ ಹೇಳೋದದ ಏನ್ರಿ?”

“ಏನಿಲ್ಲವ್ವಾ, ಸುಮ್ನ ಮಾಡಿದ್ದೆ” ಎಂದಿತು ನನ್ನ ನಾಲಿಗೆ.

‘ಬೆಂಚಿನ ಮೇಲೆ ಕೂರಬೇಡಿ’ ಎಂದು ಗ್ರೂಪಿಗೆ ಮೂರು ಸಲ ಬರೆದು ಮೂರು ಸಲ ಅಳಿಸಿದೆ. ಹಾಗಾದರೆ ಈಗಷ್ಟೇ ಹಾಕಿದ ಫೋಟೋ ಯಾವುದು ಎಂದು ಕೇಳಿದರೆ? ಹೆಂಡತಿ ಹಿಂದಿನಿಂದ ಇಣುಕಿ ನೋಡಿದಳು. “ಒಂದು ಮಾತು ಬರದ್ರ ಮುಗೀತದ. ಅದಕ್ಕ ಬಸ್ಸ ಹತ್ತಬೇಕೇನ್ರಿ?” ಹತ್ತಬೇಕಿತ್ತು. ನಿಜ ಹೇಳುವುದಕ್ಕಿಂತ ಭಾಲ್ಕಿಯಿಂದ ಬೀದರಿಗೆ ಓಡುವುದು ನನಗೆ ಸುಲಭ.

ಬಾಗಿಲಲ್ಲಿ ಔರಾದಿನಿಂದ ಬಂದಿದ್ದ ಮಾವ ಅಡ್ಡ ನಿಂತರು. “ಅಳಿಯಂದ್ರ, ಟೋಪಿ-ಟವೆಲ್ ಇಲ್ದ ಹ್ಯಾಂಗ ಹೋಗ್ತೀರಿ? ನಮ್ಮ ಮರ್ಯಾದಿ ಏನಾಗಬೇಕು?” ಬೀಗರಿಗೆ ಮರ್ಯಾದೆ ಮಾಡಲು ತಂದ ಆ ಬಿಳಿ ಟೋಪಿಗಳ ಗಂಟು ಯಾರ ಚೀಲದಲ್ಲಿದೆ ಎಂಬ ಶೋಧ ಶುರುವಾಯಿತು. ಅತ್ತ ಬಸ್ಸಿನ ಹಾರ್ನು, ಇತ್ತ ಕುಂಕುಮದ ಬಟ್ಟಲಿಗೆ ಹುಡುಕಾಟ. ಕೊನೆಗೂ ತಲೆಗೆ ಟೋಪಿ, ಹೆಗಲಿಗೆ ಟವೆಲ್, ಹಣೆಗೆ ರೂಪಾಯಿಯಗಲ ಕುಂಕುಮ ಇಡಿಸಿಕೊಂಡು, ಹೊರಟಿದ್ದ ಬಸ್ಸಿನ ಹಿಂದೆ ಓಡಿದೆ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದಾಗಲೆಲ್ಲ ನನ್ನ ಕಣ್ಣಿಗೆ ಮಾಸ್ತರರ ಆ ಮೊಣಕಾಲೇ ಕಾಣುತ್ತಿತ್ತು. ಕಂಡಕ್ಟರ್ ನನ್ನ ವೇಷ ನೋಡಿ, “ಮದಿವಿ ಬಿಟ್ಟು ಓಡಿ ಹೊಂಟೀರೇನು ಕಾಕಾ?” ಎಂದ.

ಬೀದರಿನಲ್ಲಿ ಆಟೋ ಇಳಿದಾಗ ಎಂಟು ಹತ್ತು. ಬೇವಿನ ಮರದ ಕೆಳಗೆ ಹಾಸುಗಲ್ಲು ಒಂದು ಕಡೆಗೆ ಕುಸಿದು ಬಿದ್ದಿತ್ತು. ಪಕ್ಕದಲ್ಲೇ ಮಾಸ್ತರರ ಬೆತ್ತ. ಮಾಸ್ತರರಿಲ್ಲ. ಕೂರಲು ಜಾಗ ಹುಡುಕಿದರೆ ಇದ್ದ ಒಂದೇ ಬೆಂಚು ಅದು.

“ಯಾಕ್ರಿ ಸಾಹೇಬ್ರ, ಇಷ್ಟು ತೇಕ್ಲಿಕತ್ತೀರಿ?”

ಪೊದೆಯ ಆಚೆಯಿಂದ ಜಾಲಿಮುಳ್ಳಿನ ಟೊಂಗೆ ಎಳೆದುಕೊಂಡು ಮಾಸ್ತರರು ಬಂದರು. ಟೊಂಗೆಯನ್ನು ಕಲ್ಲಿನ ಮೇಲೆ ಹಾಕಿ, “ಬೆತ್ತದಿಂದ ಹಿಂಗ ಒತ್ತಿದೆ, ಧಡ್ ಅಂತ ಬಿತ್ತು” ಎಂದರು.

“ಒತ್ತಿ ಯಾಕ ನೋಡಿದ್ರಿ?”

“ಫೋಟೋದಾಗ ನೀವು ಡಿಸೆಂಬರದಾಗ ಬೇವಿನ ಹೂ ಬಿಡ್ಸೀರಿ, ಅದು ಇರ್ಲಿ. ‘ಎಲ್ಲಾ ಸರಿ ಅದ’ ಅಂತ ನೀವು ಜಲ್ಮದಾಗ ಎಂದಾದ್ರೂ ಬರದೀರೇನು? ಏನೋ ದೊಡ್ಡದೇ ಕೆಟ್ಟದ ಅಂತ ತಿಳಕೊಂಡು, ಸೇತುವೆಯಿಂದ ಹಿಡದು ಒಂದೊಂದೇ ಒತ್ತಿ ನೋಡ್ಕೋತ ಬಂದೆ.”

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಫೋನನ್ನು ಮಾಸ್ತರರ ಕೈಗೆ ಕೊಟ್ಟು, ಮುರಿದ ಬೆಂಚಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ಬೆಳಗಿನ ಫೋಟೋ ಹಳೆಯದು, ತಪ್ಪು ನನ್ನದು, ಇದು ಈಗಿನದು ಎಂದು ಎಲ್ಲವನ್ನೂ ಬರೆದು ಗ್ರೂಪಿಗೆ ಹಾಕಿದೆ. ಎದೆ ಹಗುರಾಯಿತು. ಬೇವಿನ ಹೂವಿನ ಫೋಟೋಕ್ಕೆ ಅಷ್ಟರಲ್ಲಿ ಹನ್ನೊಂದು ಜನ ಶಭಾಷ್ ಹೇಳಿದ್ದರು. ಹೊಸದಕ್ಕೆ ನಮ್ಮ ಗ್ರೂಪಿನ ಮುಖ್ಯಸ್ಥರಿಂದ ನಿಮಿಷದೊಳಗೆ ಉತ್ತರ ಬಂತು:

“ಸರ್, ಟೋಪಿ-ಟವೆಲ್ಲು, ಕುಂಕುಮ ಎಲ್ಲಾ ಅದ. ಯಾವುದೋ ಕಾರ್ಯಕ್ರಮದ ಹಳೇ ಫೋಟೋ ಹಾಕೀರಿ. ಬೆಳಿಗ್ಗಿನ ಫೋಟೋನೇ ಛಲೋ ಇತ್ತು, ಅದೇ ಇರ್ಲಿ.”